ಹಟ್ಟಿ ಆಯಿಯ ಗದ್ದಿಗೆ ಕಂಬಳಿ

ಈ ಸಲ ಬಾಗಲಕೋಟೆಯಲ್ಲಿ ಥಂಡಿ ಜೋರು. ಮೊನ್ನೆ ಬೆಳಿಗ್ಗೆ ಬಾಗಿಲು ತೆರೆದರೆ ಓಣಿಯ ನಾಯಿಯೊಂದು ಇಬ್ಬನಿಯಲ್ಲಿ ತೊಯ್ದು ನಮ್ಮ ಕಾಲೊರಸಿನ ಮೇಲೆ ಮುದುಡಿ ಮಲಗಿತ್ತು. ಅದರ ಮೈಯ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹುನಗುಂದದ ಕಡೆಯ ನಮ್ಮ ಹೊಲ, ಕುರಿ ಹಿಂಡು, ಹಟ್ಟಿ ಆಯಿ... ಎಲ್ಲ ನೆನಪಾದವು. ಸಿಟ್ಟೂ ಬಂತು. ಅದು ಇಷ್ಟು ವರ್ಷವಾದರೂ ಆರಿಲ್ಲ.

ಸಜ್ಜೆ ಕೊಯ್ದು ಕೆಂಪು ಮಣ್ಣಿನ ಮಸಾರಿ ಹೊಲ ಬರಿದಾದ ಮೇಲೆ ಪ್ರತಿ ಚಳಿಗಾಲ, ಹಟ್ಟಿ ಆಯಿಯೆಂದು ನಾವು ಕರೆಯುತ್ತಿದ್ದ ಕುರಿ ಕಾಯುವ ಹೆಂಗಸಿನ ಹಿಂಡು ನಮ್ಮಲ್ಲಿ ಬಂದು ತಂಗುತ್ತಿತ್ತು. ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಕಿರಲಿಲ್ಲ. ಆಕೆ ಬದಾಮಿ ಹತ್ತಿರದ ಚೊಳಚಗುಡ್ಡದ ಕಡೆಯವಳು, ಗಂಡ ಹೋದ ಮೇಲೂ ಮಗನೊಂದಿಗೆ ಹಿಂಡು ನಡೆಸಿದವಳು. ಮಾತು ಒರಟು. ಮುಂಜಾನೆ ನಾನು ಒಯ್ದ ರೊಟ್ಟಿ ನೋಡಿ, "ಇದೇನ ತಂಗಿ, ರೊಟ್ಟಿನೋ ನಿಮ್ಮ ಹೊಲದ ನಕಾಶೆನೋ?" ಎಂದು ಕಾಡಿಸುವಳು. ಮೊದಲ ತುತ್ತು ಮಾತ್ರ ಕಾಳಿಗೆ. ಕಾಳಿ ಆಕೆಯ ನಾಯಿ. ತೋಳ ಬಂದರೂ ಹಿಂದೆ ಸರಿಯುವಂಥದ್ದಲ್ಲ.

ಅವರ ಸಾಮಾನಿನಲ್ಲಿ ಒಂದು ಕರಿ ಕಂಬಳಿ ಇತ್ತು. ಅವರ ಕುಲದೇವರು ಬೀರಪ್ಪನ ಪೂಜೆಯ ದಿನ ಅದನ್ನು ಹಾಸಿ, ಅದರ ಮೇಲೆ ದೇವರನ್ನು ಕೂಡಿಸುತ್ತಿದ್ದರು. ಅದಕ್ಕೇ ಅದು ಗದ್ದಿಗೆ ಕಂಬಳಿ, ಅತ್ತೆಯ ಕಾಲದಿಂದ ಬಂದದ್ದು. ಉಳಿದ ದಿನ ಚೀಲದಲ್ಲೇ. ಆಯಿ ಎಂಥ ಚಳಿಗೂ ಅದನ್ನು ಹೊದ್ದವಳಲ್ಲ, ಹರಕು ಕೌದಿಯಲ್ಲೇ ನಡುಗುವಳು.

ಆ ವರ್ಷದ ಚಳಿಗೆ ಎಳೆ ಕುರಿಮರಿಗಳು ಸೆಟೆದು ಸತ್ತವು. ಒಂದು ಮುಂಜಾನೆ ನಾನು ಹೋದಾಗ ಮಂಜು ಇನ್ನೂ ಹರಿದಿರಲಿಲ್ಲ. ಕಾಳಿ ಈದಿತ್ತು. ಅದರ ಮೇಲೂ ಮರಿಗಳ ಮೇಲೂ ಆಯಿ ಆ ಕರಿ ಕಂಬಳಿ ಹೊದಿಸಿದ್ದಳು. ಮಗ ಆಕೆಯ ಎದುರಿಗೆ ನಿಂತಿದ್ದ.

"ಗದ್ದಿಗಿ ಕಂಬಳಿ ನಾಯಿಗೆ ಹೊಚ್ಚಿಯೇನಬೇ?"

"ಬೀರಪ್ಪ ಕಲ್ಲಾಗ ಅದಾನ, ಅವಗ ಥಂಡಿ ಹತ್ತೂದಿಲ್ಲ. ಇದು ನಡಗಾಕತ್ತಿತ್ತು."

ಮಗ ತಮ್ಮೂರಿಗೆ ಹೋಗಿ ಮನೆತನದ ಹಿರಿಯರನ್ನು ಕರೆತಂದ. ನಮ್ಮ ಹೊಲದಲ್ಲೇ ಕೂತು ತೀರ್ಮಾನಿಸಿದರು: ಮೈಲಿಗೆಯಾಗಿ ಕಂಬಳಿ ಕೆಟ್ಟಿತು, ಆಯಿ ಇನ್ನು ಪೂಜೆಗೆ ಬರಬಾರದು, ಹಿಂಡಿನೊಂದಿಗೆ ತಿರುಗಬಾರದು, ಊರಲ್ಲಿರಬೇಕು. ಹೊಲದ ಯಜಮಾನನೆಂದು ನಮ್ಮಪ್ಪನನ್ನೂ ಕೇಳಿದರು. ಅಪ್ಪ ದಿನಾ ಸಂಜೆ ವಚನ ಹಾಡುವವನು, ಇರುವೆಯನ್ನೂ ತುಳಿಯಬೇಡಿರೆಂದು ನಮಗೆ ಹೇಳುವವನು. "ಅದು ನಿಮ್ಮ ದೇವರ ವಿಷಯ, ನಾ ಏನ ಹೇಳ್ಲಿ" ಎಂದುಬಿಟ್ಟ. ಹಿಂಡು ಬೇರೆಯವರ ಹೊಲಕ್ಕೆ ಹೋದೀತೆಂಬ ಅಂಜಿಕೆ ಅವನಿಗೆ.

ಆಯಿ ಅಳಲಿಲ್ಲ. "ಪೂಜಿ ಬಿಡ್ತೇನಿ, ಹಿಂಡೂ ಬಿಡ್ತೇನಿ. ಕಾಳೀನ ಅಷ್ಟ ನನ್ನ ಕೂಡ ಕಳಸ್ರಿ" ಎಂದಳು.

"ನಾಯಿ ಹಿಂಡಿಂದು" ಎಂದ ಮಗ.

ಆಕೆ ಕೆಟ್ಟ ಕಂಬಳಿಯನ್ನು ಕಂಕುಳಲ್ಲಿ ಹಿಡಿದು ಬದಾಮಿ ಬಸ್ಸು ಹತ್ತಿದಳು. ಹಿಂದೆ ಓಡಿದ ಕಾಳಿಯನ್ನು ಮಗ ಹಗ್ಗ ಹಾಕಿ ಎಳೆತಂದು ಬಂಡಿಗೆ ಕಟ್ಟಿದ...

ಮರುವರ್ಷ ಹಿಂಡು ಬಂತು, ಕಾಳಿಯೂ ಬಂತು. ಹೊಲದತ್ತ ಸೀರೆಯುಟ್ಟವರು ಯಾರೇ ಬರಲಿ, ಓಡಿಬಂದು ಸೆರಗು ಮೂಸುತ್ತಿತ್ತು. ಆಯಿಯಲ್ಲವೆಂದು ತಿಳಿದೊಡನೆ ಬಾಲ ಇಳಿಸಿ ತಿರುಗುತ್ತಿತ್ತು. ನನ್ನ ಸೆರಗನ್ನೂ ಮೂಸಿತು. ಆ ಚಳಿಗಾಲ ಮುಗಿಯುವ ಮೊದಲೇ ಸತ್ತಿತು.

ಬಹಳ ವರ್ಷಗಳ ನಂತರ ಹುನಗುಂದದ ಬಸ್ ನಿಲ್ದಾಣದಲ್ಲಿ ಆ ಮಗ ಸಿಕ್ಕ. ತಲೆ ನರೆತಿತ್ತು. ಆಯಿ ಹೇಗಿದ್ದಾಳೆಂದು ಕೇಳಿದೆ.

"ಹ್ವಾದ ವರ್ಷದ ಥಂಡ್ಯಾಗ ಹೋದಳ್ರಿ ಅಕ್ಕಾರ. ಆ ಕಂಬಳೀನ ಹೊಚ್ಚಿ ಮಣ್ಣ ಮಾಡಿದ್ವಿ. ಹೆಂಗೂ ಕೆಟ್ಟಿದ್ದಲ್ಲರಿ, ಮತ್ಯಾವದಕ್ಕೂ ಬರ್ತಿರಲಿಲ್ಲ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಮಣ್ಣಿನ ಖರ್ಚಿನಲ್ಲಿ ಒಂದು ಹೊಸ ಬಟ್ಟೆ ಉಳಿಯಿತೆಂಬ ಸಮಾಧಾನ ಅಷ್ಟೆ.

ಅಪ್ಪ ಈಗಿಲ್ಲ, ಹೊಲವೂ ನಮ್ಮದಲ್ಲ. ಹಿಂಡುಗಳು ಬೇರೆ ದಾರಿ ಹಿಡಿದಿವೆ. ಅಂದು ಅಪ್ಪ ಆಯಿಯ ಪರ ಯಾಕೆ ಬಾಯಿ ಬಿಡಲಿಲ್ಲವೆಂದು ಜಗಳ ತೆಗೆಯಬೇಕೆಂದರೂ ಯಾರೂ ಉಳಿದಿಲ್ಲ. ಆಯಿಗೆ ಆ ಕಂಬಳಿ ಸಿಕ್ಕಿದ್ದು ಆಕೆಗೆ ಚಳಿ ಹತ್ತುವುದು ನಿಂತ ಮೇಲೆ.