ನಾನು ತೂಕಡಿಸಿದ ಕಡೆಯೆಲ್ಲ ಗೀಟು

ಬೆಳಿಗ್ಗೆ ಮೊಮ್ಮಗಳು ಹಾಲು ಒಲೆಯ ಮೇಲಿಟ್ಟು ಫೋನು ಹಿಡಿದು ಕುಂತಳು. ಉಕ್ಕಿತು, ಚೆಲ್ಲಿತು, ತಳ ಹತ್ತಿತು. ಸೀದ ವಾಸನೆ ನಡುಮನೆಗೆ ಬಂದಾಗ ಬೈಯಲೆಂದು ಬಾಯಿ ತೆರೆದೆ. ಬಾಯಿಗೆ ಬಂದದ್ದು ಅವಳ ಹೆಸರಲ್ಲ. "ಮೇಷ್ಟ್ರೇ, ಹಾಲು!" ಅಂದುಬಿಟ್ಟೆ. ಹುಡುಗಿ ಕಣ್ಣು ಬಿಟ್ಟು ನೋಡಿದಳು.

ಚಿತ್ರದುರ್ಗದ ನಮ್ಮ ಮನೆಯ ಹಿಂದಿನ ಭಾಗದಲ್ಲಿ ಆ ಮೇಷ್ಟ್ರು ಬಹಳ ವರ್ಷ ಬಾಡಿಗೆಗಿದ್ದರು. ಎಂ.ಎ. ಹುಡುಗರಿಗೆ ಪಾಠ ಹೇಳುವುದು, ಪಿಎಚ್.ಡಿ. ಮಾಡುವವರಿಗೆ ಗೈಡ್ ಆಗಿರುವುದು ಅವರ ಕೆಲಸ. ಹೆಂಡತಿಗೆ ಹೊಸದುರ್ಗದಲ್ಲಿ ಸ್ಕೂಲು ಟೀಚರ್ ಕೆಲಸ. ಆಯಮ್ಮ ಭಾನುವಾರ ಬಂದರೆ ಮೊದಲು ಪಾತ್ರೆಗಳ ತಳ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಈ ಮನುಷ್ಯ ಒಲೆಯ ಮೇಲೆ ಹಾಲಿಟ್ಟು, ಯಾರೋ ಬರೆದ ಹಾಳೆ ಕೈಗೆತ್ತಿಕೊಂಡರೆ ಮುಗಿಯಿತು. ಓಣಿಯವರಿಗೆಲ್ಲ ವಾಸನೆ ಬಂದರೂ ಅವರ ಮೂಗಿಗೆ ಬರುತ್ತಿರಲಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ನನ್ನನ್ನು ಅವರ ಕೆಲಸಕ್ಕೆ ಎಳೆದರಲ್ಲ, ಅದಕ್ಕೇನು ಹೇಳಲಿ?

ನಾನು ಓದಿದ್ದು ನಾಲ್ಕನೇ ಕ್ಲಾಸು. ಊಟವಾದ ಮೇಲೆ ಜಗಲಿಯ ಮೇಲೆ ಕುಂತು ಅವರೆಕಾಯಿ ಸುಲಿಯುವುದೋ, ಅಕ್ಕಿ ಆರಿಸುವುದೋ ಮಾಡುತ್ತಿದ್ದೆ. ಮೇಷ್ಟ್ರು ತಮ್ಮ ಹುಡುಗರನ್ನು ತಂದು ನನ್ನ ಮುಂದೆ ಕೂರಿಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತಾವು ಪಕ್ಕದಲ್ಲಿ ಕೆಂಪು ಪೆನ್ಸಿಲ್ ಹಿಡಿದು ಕೂತು, ಹಾಳೆಯನ್ನಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ಎಲ್ಲಿ ತೂಕಡಿಸಿದೆನೋ ಅಲ್ಲಿ ಒಂದು ಗೀಟು. ಗೀಟು ಬಿದ್ದ ಕಡೆಯೆಲ್ಲ ಮತ್ತೆ ಬರೆದು ತರಬೇಕು.

"ಮೇಷ್ಟ್ರೇ, ಊಟ ಆದ್ಮ್ಯಾಲೆ ನಂಗೆ ನಿದ್ದೆ ಬರ್ತೈತೆ. ಅದು ಅವ್ರ ತಪ್ಪಾ?" ಎಂದು ಎಷ್ಟು ಸಲ ಕೇಳಿಲ್ಲ! "ಚೆನ್ನಾಗಿ ಬರ್ದಿದ್ರೆ ಬರಲ್ಲಮ್ಮ" ಅನ್ನುತ್ತಿದ್ದರು. ಹುಡುಗರು ನನಗೆ ಟೀ ತರುವವರು, ಎಲೆ ಅಡಿಕೆ ತರುವವರು. "ಅಜ್ಜಿ, ಇವತ್ತೊಂದಿನ ಕಣ್ಣು ಬಿಟ್ಕಂಡಿರ್ರಿ" ಎಂದು ಕೈ ಮುಗಿಯುವವರು. ಇದೇನು ಪರೀಕ್ಷೆಯೋ, ನನ್ನ ಕರ್ಮವೋ...

ಅವರಲ್ಲಿ ಹರಿಯಬ್ಬೆ ಕಡೆಯ ಒಂದು ಹುಡುಗಿ. ಕುರಿ ಕಾಯುವವರ ಮನೆಯವಳು. ತಮ್ಮ ಜನದ ಮೇಲೆಯೇ ಪ್ರಬಂಧ ಬರೆಯುತ್ತಿದ್ದಳು. ಮೆಲು ದನಿ, ಬಗ್ಗಿದ ತಲೆ. ನಿದ್ದೆ ಬರಲಿಕ್ಕೆ ಆ ದನಿಯೇ ಸಾಕು. ಗೀಟು ಬಿದ್ದದ್ದನ್ನೆಲ್ಲ "ಆಯ್ತು ಸರ್" ಎಂದು ತೆಗೆದುಬಿಡುವಳು. ತೆಗೆದು ತೆಗೆದು, ಬರುಬರುತ್ತ ಅವಳು ಓದುವುದು ಯಾರೋ ದೊಡ್ಡವರು ಬರೆದ ಹಾಗೆ ಕೇಳುತ್ತಿತ್ತು. ನನಗೆ ಇನ್ನೂ ಬೇಗ ನಿದ್ದೆ.

ಮೇಷ್ಟ್ರ ನಿವೃತ್ತಿ ಹತ್ತಿರ ಬಂತು. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ಹುಡುಗಿ ಬೇರೆ ಗೈಡ್ ಹುಡುಕಿ ಮೊದಲಿನಿಂದ ಶುರು ಮಾಡಬೇಕಂತೆ. ಅವಳ ಅಪ್ಪ ಅಷ್ಟು ಕಾಯುವ ಆಸಾಮಿಯಲ್ಲ. ಒಂದು ಮಧ್ಯಾಹ್ನ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಗಳ ಜೊತೆ ಬಂದೇಬಿಟ್ಟ.

"ಬರ್ರಿ, ಕುಂತ್ಕಳ್ರಿ" ಅಂದೆ.

"ಕುಂತ್ಕಳಾಕೆ ಬಂದಿಲ್ಲ ಕಣಮ್ಮ. ಕುರಿ ಮಂದೇನ ಅಣ್ಣನ ಕೈಲಿ ಬಿಟ್ಟು ಬಂದೀನಿ. ಮೇಷ್ಟ್ರೇ, ಇವಳ್ದು ಮುಗೀತೋ ಇಲ್ವೋ? ಮುಗಿದ್ರೆ ಸರಿ. ಇಲ್ಲಾಂದ್ರೆ ಇವತ್ತೇ ಊರಿಗೆ ಹೋಗಾಣ ಅಂತ ಹೇಳೀನಿ ಇವ್ಳಿಗೆ."

ನನಗೆ ರೇಗಿತು. "ಇನ್ನೆಷ್ಟು ದಿನ ಸತಾಯಿಸ್ತೀರ ಮೇಷ್ಟ್ರೇ? ಸೈನ್ ಹಾಕಿ ಕಳಿಸ್ರಿ ಅತ್ಲಾಗೆ" ಅಂದೆ. ಕಲ್ಲಿಗೆ ಹೇಳಿದ ಹಾಗಾಯಿತು. ಅವರು ಒಳಗೆ ಹೋಗಿ ಚಹಾಕ್ಕೆಂದು ಹಾಲಿಟ್ಟು ಬಂದರು. "ಇವತ್ತು ಅಮ್ಮ ಬ್ಯಾಡ, ನೀವು ಕೇಳ್ರಿ" ಎಂದು ಅವನನ್ನು ಕಂಬಕ್ಕೆ ಒರಗಿಸಿ ಕೂರಿಸಿದರು. ಪೆನ್ಸಿಲ್ ತೆಗೆದರು.

ಹುಡುಗಿ ಓದಿದಳು. ಗಂಡಸರು ಕುರಿ ಹಿಂದೆ ಹೋದ ಮೇಲೆ ಊರನ್ನು ನಡೆಸುವವರು ಹೆಂಗಸರು ಎಂಬ ಮಾತು ಬಂತು. ಅಷ್ಟರಲ್ಲಿ ಅಪ್ಪನ ತಲೆ ವಾಲಿತು, ಗೊರಕೆ ಶುರುವಾಯಿತು. ಮೇಷ್ಟ್ರು ಗೀಟೆಳೆಯಲು ಬಗ್ಗಿದರು.

ಹುಡುಗಿ ಹಾಳೆಯ ಮೇಲೆ ಅಂಗೈ ಇಟ್ಟುಬಿಟ್ಟಳು.

"ಎಳೀಬ್ಯಾಡ್ರಿ ಸರ್. ನಮ್ಮಪ್ಪ ರಾತ್ರಿಯೆಲ್ಲ ಮಂದೆ ಕಾಯ್ತಾನೆ, ಕುಂತಲ್ಲೇ ಮಲಗ್ತಾನೆ. ಅವ್ನು ತಿಂಗಳುಗಟ್ಲೆ ಮನೀಗೆ ಬರದೇ ಇದ್ರೆ ಹೊಲ, ಮನೆ, ಸಾಲ, ಜಗಳ ಎಲ್ಲ ನಮ್ಮವ್ವನೇ ನೋಡ್ತಾಳೆ. ನಮ್ಮೂರಾಗೆ ಎಲ್ಲ ಮನೇಲೂ ಹಂಗೇ. ಕೇಳಿ, ನೋಡಿ ಬರ್ದೀನಿ. ಯಾರು ಮಲಗಿದ್ರೂ, ನೀವೇ ಮಲಗಿದ್ರೂ, ಈ ಸಾಲು ನಾನು ತೆಗೆಯಾಕಿಲ್ಲ!"

ಆ ದನಿ ಅವಳದೇ ಎಂದು ನಂಬುವುದಕ್ಕೆ ನನಗೆ ಒಂದು ಗಳಿಗೆ ಬೇಕಾಯಿತು. ಅವರೆಕಾಯಿ ಕೈಯಲ್ಲೇ ಉಳಿದಿತ್ತು. ನಿದ್ದೆ ಎಲ್ಲಿ ಹೋಗಿತ್ತೋ.

ಕೂಗಿಗೆ ಅಪ್ಪ ಬೆಚ್ಚಿ ಎದ್ದ. "ಏನಾತು? ಮುಗೀತಾ?"

ಮೇಷ್ಟ್ರು ಪೆನ್ಸಿಲ್ ಜೇಬಿಗೆ ಹಾಕಿದರು. "ಮುಗೀತು ಕಣಪ್ಪ" ಅಂದರು. ಅವರು ನಗುತ್ತಿದ್ದರು. ಒಳಗೆ ಹಾಲು ಸೀಯುತ್ತಿತ್ತು.

ಅಪ್ಪ ಮಗಳು ಹೋದ ಮೇಲೆ ಚೆನ್ನಾಗಿ ಬೈದೆ. "ಅವಳು ಎದ್ರು ಮಾತಾಡ್ಲಿ ಅಂತಲಾ ಇಷ್ಟು ದಿನ ಕಾದದ್ದು? ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ಅದಕ್ಕೂ 'ಆಯ್ತು ಸರ್' ಅಂತಿದ್ಲು ಕಣಮ್ಮ" ಅಂದರು. ಇಂಥವರ ಜೊತೆ ಏನು ಮಾತು? ಸೀದ ಪಾತ್ರೆಗೆ ನೀರು ತುಂಬಿಸಿಟ್ಟು ಬಂದೆ.

ನಿವೃತ್ತಿಗೆ ಮೊದಲೇ ಅವಳು ಪ್ರಬಂಧ ಕೊಟ್ಟಳು. ಮೇಷ್ಟ್ರು ಮನೆ ಖಾಲಿ ಮಾಡಿ ಹೊಸದುರ್ಗಕ್ಕೆ ಹೋದರು. ಬರುತ್ತೇನೆ ಅಂದಿದ್ದರು, ಬರಲಿಲ್ಲ. ತೀರಿಕೊಂಡ ಸುದ್ದಿಯನ್ನು ಆ ಹುಡುಗಿಯೇ ಫೋನಿನಲ್ಲಿ ಹೇಳಿದಳು. ಆಗ ಅವಳೂ ಒಂದು ಕಡೆ ಗೈಡ್ ಆಗಿದ್ದಳು. "ಅಜ್ಜಿ, ನನ್ನ ಹುಡುಗ್ರೂ ಎಲ್ಲದಕ್ಕೂ 'ಆಯ್ತು ಮೇಡಂ' ಅಂತಾವೆ, ತಲೆ ಕೆಡ್ತೈತೆ" ಎಂದು ಅತ್ತಳೋ ನಕ್ಕಳೋ, ಸರಿಯಾಗಿ ಕೇಳಿಸಲಿಲ್ಲ...

ಮೊಮ್ಮಗಳು ಹೊರಗೆ ಪಾತ್ರೆ ಉಜ್ಜುತ್ತಿದ್ದಾಳೆ. ತಳ ಇನ್ನೂ ಬಿಟ್ಟಿಲ್ಲ. ನಾನು ಜಗಲಿಯ ಮೇಲೆ ಕುಂತಿದ್ದೇನೆ. ವಯಸ್ಸಾಯಿತು, ಈಗ ನನಗೆ ಹಗಲು ನಿದ್ದೆಯೇ ಇಲ್ಲ. ಯಾರು ಎಂಥದ್ದನ್ನು ಓದಿದರೂ ಕಡೆಯವರೆಗೂ ಕಣ್ಣು ಬಿಟ್ಟುಕೊಂಡು ಕೇಳುತ್ತೇನೆ. ಈಗ ಓದಿಸುವವರಿಲ್ಲ. ಆ ಮನುಷ್ಯನಿಗೆ ಯಾವುದಕ್ಕೂ ಹೊತ್ತು ಗೊತ್ತು ಅನ್ನುವುದೇ ಇರಲಿಲ್ಲ.