ಹುಳಿ ಬಿಟ್ಟ ಹುಳಿಯಣ್ಣ

ಅವನ ಬೆರಳ ತುದಿಗಳು ಹುಳಿಗೆ ಬೆಂದು, ಚರ್ಮ ಸುಲಿದು ಬೆಳ್ಳಗಿರುತ್ತಿದ್ದವು. ಅಲ್ಲಿಂದ ಮೇಲೆ ಮಣಿಕಟ್ಟಿನವರೆಗೆ ಒಲೆಯ ಕಪ್ಪು. ಮದುವೆ ಊಟಕ್ಕೆ ಕೂತಾಗ ಮುಖ ನೋಡಬೇಕಾಗಿರಲಿಲ್ಲ, ಕೈ ನೋಡಿದರೆ ಸಾಕು, ಯಾರೆಂದು ಗೊತ್ತಾಗುತ್ತಿತ್ತು. ಮಾದಾಪುರದಲ್ಲಿ ನಮ್ಮ ಪಕ್ಕದ ಮನೆಯವನು, ಕಾಚಂಪುಳಿ ಕಾಯಿಸುವವನು. ಊರಿಗೆಲ್ಲ ಹುಳಿಯಣ್ಣ.

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಮಳೆಗಾಲದಲ್ಲಿ ಪಣಪುಳಿ ಹಣ್ಣು ಉದುರುತ್ತದೆ. ಅದನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟರೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಕಾಯಿಸಿ ಕಪ್ಪು ಪಾಕ ಮಾಡಬೇಕು, ಅದೇ ಕಾಚಂಪುಳಿ. ಅದು ಬೀಳದಿದ್ದರೆ ಇಲ್ಲಿ ಹಂದಿ ಸಾರು ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಅವನಿಗೆ ಹಣ್ಣು ಭಾಗಮಂಡಲದ ಕಡೆಯಿಂದ ಮೂಟೆಯಲ್ಲಿ ಬಸ್ಸಿಗೆ ಬರುತ್ತಿತ್ತು. ಮೂಟೆ ಸೋರಿತು ಎಂದು ಕಂಡಕ್ಟರ್ ಬೈದರೆ, "ಬೈಬೇಡ ಮಾರಾಯ, ಈ ವಾಸನೆಗೆ ನಿನ್ನ ಸೀಟಿನ ತಿಗಣೆಯೆಲ್ಲ ಸಾಯ್ತದೆ" ಅನ್ನುತ್ತಿದ್ದ.

ಕಾಯಿಸುವಾಗ ಎದ್ದು ಹೋಗುವಂತಿಲ್ಲ. ಉರಿ ಹೆಚ್ಚಾದರೆ ಸೀದುಹೋಗುತ್ತದೆ. ಮನೆಯ ಹಿಂದಿನ ಒಲೆ ಕೊಟ್ಟಿಗೆಯಲ್ಲಿ, ಮಡಕೆಯ ಮುಂದೆ ಬಾಟಲಿ ಇಟ್ಟುಕೊಂಡು ವರ್ಷಗಟ್ಟಲೆ ಕುಡಿದ. ಬೇರೆಲ್ಲೂ ಕುಡಿದವನಲ್ಲ. ನಮ್ಮ ಕಡೆ ಕುಡಿಯುವುದು ದೊಡ್ಡ ಸುದ್ದಿಯಲ್ಲ. ಅವನ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿದಾಗ ಸುದ್ದಿಯಾಯಿತು.

ಮಡಿಕೇರಿಗೆ ಕರೆದುಕೊಂಡು ಹೋದೆವು. ಅವನ ಹೆಂಡತಿಗೆ ಡಾಕ್ಟರ ಮುಂದೆ ಬಾಯಿ ಬರುವುದಿಲ್ಲ, ಅದಕ್ಕೆ ನಾನೂ ಹೋಗಿದ್ದು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಾಳ್ಮೆ ಇತ್ತು. "ಲಿವರ್ ಹಾಳಾಗಿದೆ. ಇನ್ನು ಕುಡಿದರೆ ಉಳಿಯೋದಿಲ್ಲ" ಎಂದು ನೇರವಾಗಿ ಹೇಳಿದಳು. ಬಿಡುವುದು ಯಾಕೆ ಕಷ್ಟ ಎಂಬುದನ್ನೂ ಬಿಡಿಸಿ ಹೇಳಿದಳು. ಕುಡಿದದ್ದು ಲಿವರಿನಲ್ಲಿ ಒಡೆದು ಕೊನೆಗೆ ಒಂದು ಥರದ ಹುಳಿಯಾಗುತ್ತದಂತೆ. ವಿನೆಗರಿನಲ್ಲಿ ಇರುವಂಥದ್ದೇ, ಅಸಿಟೇಟ್ ಅಂತ ಹೆಸರು. ಅದು ರಕ್ತದ ಜೊತೆ ಮೆದುಳಿಗೆ ಹೋಗುತ್ತದೆ. ಅಲ್ಲಿ ಅದನ್ನು ಹಿಡಿದು ಕೆಲಸಕ್ಕೆ ಹಚ್ಚುವ ಒಂದು ಕಿಣ್ವ ಇದೆ. ಕುಡಿಯದವರಲ್ಲೂ ಇರುತ್ತದೆ, ನೆನಪು ಗಟ್ಟಿ ಮಾಡಲಿಕ್ಕೆ ಬೇಕು. ಕುಡಿಯುವವರಲ್ಲಿ ಅದೇ ಕಿಣ್ವ ಕುಡಿತದ ಹುಳಿಯನ್ನು ಹಿಡಿದುಕೊಂಡು, ಕುಡಿದ ಜಾಗವನ್ನೂ ಅಲ್ಲಿನ ವಾಸನೆಯನ್ನೂ ಮೆದುಳಿನಲ್ಲಿ ಅಚ್ಚೊತ್ತಿಬಿಡುತ್ತದೆ. ಆಮೇಲೆ ಆ ಜಾಗಕ್ಕೆ ಹೋದರೆ ಸಾಕು, ಜಾಗವೇ ಕುಡಿ ಅನ್ನುತ್ತದೆ.

"ಇಲಿಗಳಲ್ಲಿ ನೋಡಿದ್ದಾರೆ. ಮನುಷ್ಯರಲ್ಲೂ ಹಾಗೇ ಇರಬಹುದು" ಅಂದಳು.

"ಇಲಿಗೆ ಕುಡಿಸಿದ್ದು ಯಾರಮ್ಮ? ನಮಗೇ ಸಾಲೋದಿಲ್ಲ" ಅಂದ ಹುಳಿಯಣ್ಣ.

ಡಾಕ್ಟರಮ್ಮನೂ ನಕ್ಕಳು. ಆ ನಗುವಿನಲ್ಲಿ ಮಾತು ಎಲ್ಲೋ ಜಾರಿಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅವನು ತೀರ್ಪು ಕೊಟ್ಟ. "ಗೊತ್ತಾಯ್ತಲ್ಲ ತಂಗಿ, ಎಲ್ಲ ಈ ಹುಳಿದೇ ಕಿತಾಪತಿ. ಇವತ್ತಿಂದ ಬ್ರಾಂದಿಯೂ ಇಲ್ಲ, ಹುಳಿಯೂ ಇಲ್ಲ." ಕಾಚಂಪುಳಿಯವನಿಗೆ ಹುಳಿಯೇ ಕೇಳಿಸಿತು. ನಮಗೂ ಅದೇ ಸರಿ ಅನ್ನಿಸಿತು.

ಬಿಟ್ಟ, ನಿಜವಾಗಿ ಬಿಟ್ಟ. ನಿಂಬೆ, ಹುಣಸೆ, ಮೊಸರು, ಕಾಚಂಪುಳಿ, ಒಂದೂ ಅವನ ತಟ್ಟೆಗೆ ಬರಲಿಲ್ಲ. "ಇದೆಂತ, ಹಂದಿಯಾ ಬೇಯಿಸಿದ ಸೌದೆಯಾ?" ಎಂದು ಹೆಂಡತಿ ಬೈದುಕೊಂಡೇ ಸಪ್ಪೆ ಸಾರು ಮಾಡಿದಳು. ಊರವರು ಸಪ್ಪೆಯಣ್ಣ ಎಂದು ಕರೆದರೂ ಅವನು ಜಗ್ಗಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಕಣ್ಣು ತಿಳಿಯಾಗಿತ್ತು, ಹೊಟ್ಟೆ ಇಳಿದಿತ್ತು. ಮನುಷ್ಯ ಉಳಿದ ಅಂದುಕೊಂಡೆವು.

ಮಳೆ ಹಿಡಿಯಿತು. ಬಸ್ಸಿನಲ್ಲಿ ಮೂಟೆ ಬಂತು. ಅದೇ ಕೊಟ್ಟಿಗೆಯಲ್ಲಿ ಒಲೆ ಹೊತ್ತಿಸಿದ. ಪಾಕ ಬಂತೇ ಎಂದು ನೋಡಲು ಒಂದು ತೊಟ್ಟು ನಾಲಿಗೆಗೆ ಹಾಕಿಕೊಳ್ಳಬೇಕು. ಅವನು ಹಾಕಿಕೊಳ್ಳುವಂತಿಲ್ಲ. ಬೇಲಿಯ ಆಚೆಯಿಂದ ಕೂಗುತ್ತಿದ್ದ, "ತಂಗೀ, ನಿನ್ನ ನಾಲಿಗೆ ತಗೊಂಡು ಬಾ!"

"ನನ್ನ ನಾಲಿಗೆ ಬಿದ್ದರೆ ನಿನ್ನ ಮಡಕೆ ಒಡೀತದೆ" ಎಂದು ನಾನೂ ಅಂದುಕೊಂಡೇ ಹೋಗುತ್ತಿದ್ದೆ. ಮೊದಲ ಮಡಕೆ ನೋಡಿ, "ಆಯ್ತು, ಇಳಿಸು" ಅಂದೆ. ಮಾರನೆಯ ಮಡಕೆಗೆ ಕರೆದಾಗ ಅವನು ಎಂಜಲು ನುಂಗಿ ನುಂಗಿ ಉರಿ ನೋಡುತ್ತ ಕೂತಿದ್ದ. "ಇಲ್ಲಿ ಕೂತರೆ ಬಾಯಿ ಯಾಕೋ ಒಣಗ್ತದೆ ತಂಗಿ" ಅಂದ. "ನೀರು ಕುಡಿ" ಅಂದೆ.

ಆಮೇಲೆ ಒಂದು ಮಧ್ಯಾಹ್ನ ಕೂಗು ಬರಲಿಲ್ಲ, ಸೀದ ವಾಸನೆ ಬಂತು. ಹೋಗಿ ನೋಡಿದರೆ ಮಡಕೆ ತಳ ಹಿಡಿದಿದೆ, ಅವನು ಗೋಡೆಗೆ ಒರಗಿದ್ದಾನೆ, ಬಾಟಲಿ ಖಾಲಿ.

"ಅಯ್ಯೋ ಅಣ್ಣ, ಎಂತ ಮಾಡ್ಕೊಂಡೆ?"

ಆ ಬಿಳಿ ತುದಿಯ ಬೆರಳುಗಳನ್ನು ಎತ್ತಿ ತೋರಿಸಿದ. "ಹುಳಿ ಮುಟ್ಟಿಲ್ಲ ತಂಗಿ. ಕಾವೇರಮ್ಮನಾಣೆ, ಒಂದು ತೊಟ್ಟೂ ಮುಟ್ಟಿಲ್ಲ."

ಆಮೇಲೆ ಬಾಟಲಿ ನಿಲ್ಲಲಿಲ್ಲ. ರಕ್ತ ಕಾರಿದಾಗ ಮತ್ತೆ ಮಡಿಕೇರಿಗೆ ಕರೆದೊಯ್ದೆವು. ಡಾಕ್ಟರಮ್ಮ ಕೇಳಿದಳು, "ಎಲ್ಲಿ ಕುಡಿದರು?"

"ಒಲೆ ಕೊಟ್ಟಿಗೆಯಲ್ಲಿ."

"ಮೊದಲು ಎಲ್ಲಿ ಕುಡೀತಿದ್ದರು?"

"ಅಲ್ಲೇ. ಆದರೆ ಊಟದಲ್ಲಿ ಹುಳಿ ಪೂರ್ತಿ ಬಿಟ್ಟಿದ್ದ."

ಅವಳು ನನ್ನ ಕಡೆ ತಿರುಗಿದಳು. "ಅಜ್ಜಿ, ನಾನು ಹೇಳಿದ್ದು ಆ ಜಾಗದ ಮಾತು. ಊಟದ ಹುಳಿ ಬಿಡಿ ಅನ್ನಲಿಲ್ಲ. ಆ ಹುಳಿ ಬೇರೆ, ಈ ಹುಳಿ ಬೇರೆ."

ಅವನು ಮನೆಗೆ ಮರಳಲಿಲ್ಲ. ಅಷ್ಟು ಹಟದಲ್ಲಿ ಬಾಯಿ ಕಟ್ಟಿದವನು, ಕೊಟ್ಟಿಗೆ ಬಿಡು ಎಂದು ತಿಳಿದಿದ್ದರೆ ಅದನ್ನೂ ಬಿಡುತ್ತಿದ್ದ. ಒಲೆಯನ್ನು ನಮ್ಮ ಅಂಗಳಕ್ಕೆ ತಂದು ಹೂಡಿದ್ದರೂ ಸಾಕಿತ್ತು, ಜಾಗ ಬೇಕಾದಷ್ಟಿದೆ.

ಆ ವರ್ಷದ ಮೊದಲ ಮಡಕೆಯದು ಒಂದು ಬಾಟಲಿ ನನಗೆ ಕೊಟ್ಟಿದ್ದ. ಕಾಚಂಪುಳಿ ಕೆಡುವುದಿಲ್ಲ, ಇನ್ನೂ ತಳದಲ್ಲಿದೆ. ಹಂದಿ ಮಾಡಿದ ದಿನ ಒಂದು ಚಮಚ ಹಾಕುತ್ತೇನೆ. ಅವನು ಅಷ್ಟು ವರ್ಷ ಕಾಯಿಸಿದ್ದರಲ್ಲಿ ಇದೇ ಒಳ್ಳೆಯದು. ಅವನು ಅದರ ರುಚಿ ನೋಡಿರಲಿಲ್ಲ. ನಾನು ನೋಡಿದ್ದೆ, ಆದರೆ "ಆಯ್ತು, ಇಳಿಸು" ಅಂದೆನೇ ಹೊರತು ಚೆನ್ನಾಗಿದೆ ಅಂತ ಹೇಳಿರಲಿಲ್ಲ.