ಖಾಲಾಳ ಅಂಗೈ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಚೊಚ್ಚಲ ಹೆರಿಗೆಗೆಂದು ಹುಮನಾಬಾದಿನ ಗಂಡನ ಮನೆಯಿಂದ ಬಸವಕಲ್ಯಾಣದ ತವರಿಗೆ ಬಂದೆ. ನಮ್ಮ ಓಣಿಯ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದವಳು ಪಕ್ಕದ ಮನೆಯ ಮುಸಲ್ಮಾನ ಸೂಲಗಿತ್ತಿ. ಅವ್ವನ ತಂಗಿಯೆಂಬಂತೆ ನಾವೆಲ್ಲ ಆಕೆಯನ್ನು ಖಾಲಾ ಎನ್ನುತ್ತಿದ್ದೆವು. ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಹಿಂದಿನ ವರ್ಷ ವಿಷಮಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು.

ಅವ್ವ ಮರ್ಯಾದೆಗೆ "ಕಿವಿ ಸ್ವಲ್ಪ ಮಂದ" ಎನ್ನುತ್ತಿದ್ದಳು. ಅದನ್ನು ನಂಬಿ ಓಣಿಯವರೆಲ್ಲ ಖಾಲಾಳ ಕಿವಿಗೆ ಬಾಯಿ ಹಚ್ಚಿ ಗಂಟಲು ಹರಿದುಕೊಳ್ಳುತ್ತಿದ್ದರು. ಬಂದ ದಿನ ನಾನೂ ಅದನ್ನೇ ಮಾಡಿದೆ. ಖಾಲಾ ನನ್ನ ಗದ್ದ ಹಿಡಿದು ಮುಖವನ್ನು ತನ್ನೆದುರಿಗೆ ತಿರುಗಿಸಿಕೊಂಡಳು.

"ಒದರಬ್ಯಾಡ ಬೇಟಿ. ಮಂದ ಅಲ್ಲ, ಪೂರಾ ಹೋಗ್ಯಾವ. ಸಿಡಿಲು ಬಡದ್ರೂ ಕೇಳಂಗಿಲ್ಲ. ಎದುರಿಗಿ ಕುಂತು ಮೆಲ್ಲಕ ಹೇಳು, ನೋಡಿ ತಿಳಕೋತೀನಿ."

ಅವಳೇ ಇಷ್ಟು ನೆಟ್ಟಗೆ ಹೇಳುವ ಮಾತನ್ನು ನಾವೇಕೆ ಸುತ್ತಿ ಬಳಸಿ ಆಡುತ್ತಿದ್ದೆವೋ! ನನಗೆ ನಾಚಿಕೆಯಾಯಿತು.

ದಿನ ಹತ್ತಿರವಾದಾಗ ಹುಮನಾಬಾದಿನಿಂದ ಬಂದ ಅತ್ತೆ ಮಾತ್ರ ಕೆಂಡವಾದರು. "ಕೆಪ್ಪಿ ಕೈಯಾಗ ನಮ್ಮ ಸೊಸಿನ್ನ ಕೊಡ್ತೀರೇನ್ರಿ? ಆಕಿ ನೋವಿಗಿ ಚೀರಿದ್ರ ಈಕಿಗಿ ಹ್ಯಾಂಗ ಗೊತ್ತಾಗಬೇಕು?"

ಬೇರೆಯವಳನ್ನು ಹುಡುಕುವಷ್ಟರಲ್ಲಿ ನೋವು ಬಂದೇಬಿಟ್ಟಿತು. ಖಾಲಾ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು. ಒಂದೊಂದು ನೋವೂ ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು.

ನಡುಮಧ್ಯಾಹ್ನ ಗಂಡು ಕೂಸು ಹುಟ್ಟಿತು. ಅಳಲಿಲ್ಲ. ಅಳದ ಕೂಸಿನ ಹತ್ತಿರ ಕಂಚಿನ ತಾಟು ಬಾರಿಸುವುದು ನಮ್ಮ ಕಡೆಯ ರೂಢಿ. ಅವ್ವ ಬಾರಿಸಿಯೇ ಬಾರಿಸಿದಳು. ಕೂಸು ನೀಲಿಯಾಗಿಯೇ ಇತ್ತು. ಕೊನೆಗೆ ಅವ್ವ ತಾಟು ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ಎದೆ ಬಡಿದುಕೊಂಡು ಅಳತೊಡಗಿದರು. ಬಾಗಿಲಲ್ಲಿದ್ದ ಹೆಂಗಸರೂ ದನಿ ಸೇರಿಸಿದರು. ನನ್ನ ಗಂಟಲಿನಿಂದಲೂ ಏನೋ ಹೊರಡುತ್ತಿತ್ತು. ಕಣ್ಣು ಮಾತ್ರ ಖಾಲಾಳ ಮೇಲಿತ್ತು.

ಆ ರೋದನೆ ಯಾವುದೂ ಅವಳನ್ನು ಮುಟ್ಟಲಿಲ್ಲ. ಕೂಸಿನ ಬಾಯೊಳಗಿನ ಲೋಳೆ ತೆಗೆದಳು, ಬೆನ್ನು ತಿಕ್ಕಿದಳು, ಬಾಯಿಗೆ ಬಾಯಿಟ್ಟು ಮೆಲ್ಲಗೆ ಊದಿದಳು. ಮತ್ತೆ ಊದಿದಳು. ಒಂದು ಅಂಗೈ ಅದರ ಎದೆಯ ಮೇಲೇ ಇತ್ತು. ಒಮ್ಮೆಲೇ ತಲೆಯೆತ್ತಿ ಅತ್ತೆಯ ರಟ್ಟೆ ಹಿಡಿದು ಅಲುಗಿಸಿದಳು.

"ಸುಮ್ಮಕಿರ್ರಿ ಎಲ್ಲಾರೂ! ಕೂಸು ಅಳಾಕತ್ತದ!"

ನಾವೆಲ್ಲ ಬಾಯಿ ಮುಚ್ಚಿದ ಮೇಲೆಯೇ ನನ್ನ ಮಗನ ಅಳು ನಮಗೆ ಕೇಳಿಸಿತು.